ಧಾಟಿಯ ಬಗ್ಗೆ ಯಾರನ್ನು ಕೇಳುವುದು?

ಸುಗಮ ಸಂಗೀತ ಕಲಿಯಲು ನನ್ನ ಹತ್ತಿರ ಬರುವವರಲ್ಲಿ ಈಗೀಗ ಹೊಸ ಬಗೆಯವರು ಸೇರಿಕೊಂಡಿದ್ದಾರೆ. ಇವರಿಗೆ ಹಾಡುವುದಕ್ಕಿಂತ ಹಾಡು ಕಟ್ಟುವುದರಲ್ಲಿ ಆಸೆ ಜಾಸ್ತಿ. ಒಂದು ಕವಿತೆ ಸಿಕ್ಕರೆ ಸಾಕು, ರಾಗ ಸಂಯೋಜನೆಗೆ ಕೂತುಬಿಡುತ್ತಾರೆ. ಒಬ್ಬರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಇನ್ನೊಬ್ಬರು ತೀರ್ಥಹಳ್ಳಿ ಕಡೆಯ ಶಾಲೆಯ ಟೀಚರ್, ಮತ್ತೊಬ್ಬ ಕೀಬೋರ್ಡ್ ನುಡಿಸುವ ಕಾಲೇಜು ಹುಡುಗ. ಪಾಠ ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ. "ಸರ್, ಇದನ್ನೆಲ್ಲ ಚರ್ಚೆ ಮಾಡೋಕೆ ಆನ್‌ಲೈನ್‌ನಲ್ಲಿ ಒಂದು ಒಳ್ಳೆ ಗುಂಪು ಹೇಳಿ."

ಒಂದು ಗುಂಪು ಹೇಳಿದರೆ ಸಾಲುವುದಿಲ್ಲ. ನಮ್ಮ ಹಾಡನ್ನೇ ನೋಡಿ. ಸಾಹಿತ್ಯ ಕನ್ನಡದ್ದು, ಅದಕ್ಕೆ ನಮ್ಮದೇ ಛಂದಸ್ಸಿನ ಲೆಕ್ಕ. ರಾಗ ಕರ್ನಾಟಕಿಯೋ ಹಿಂದೂಸ್ತಾನಿಯೋ ಆಗಿರುತ್ತದೆ. ಶಿವಮೊಗ್ಗದಲ್ಲಂತೂ ಎರಡೂ ಪಾಠ ನಡೆಯುತ್ತದೆ, ಎರಡೂ ಕಿವಿಗೆ ಬಿದ್ದಿರುತ್ತದೆ. ಇನ್ನು ಹಿನ್ನೆಲೆಗೆ ಗಿಟಾರ್, ಕೀಬೋರ್ಡ್ ಬಂದರೆ ಅದು ಪಾಶ್ಚಾತ್ಯ ಸಂಗೀತದ ಲೆಕ್ಕ. ಕಾಳಿಂಗರಾಯರ ಕಾಲದಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್‌ವರೆಗೆ ಈ ಬೆರಕೆಯೇ ಸುಗಮ ಸಂಗೀತದ ಸೊಗಸು. ಆದರೆ ಈ ಮೂರನ್ನೂ ಚೆನ್ನಾಗಿ ಬಲ್ಲವರು ಒಂದೇ ಕಡೆ ಸೇರಿರುವ ಗುಂಪು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟೇ: ಪ್ರಶ್ನೆಯನ್ನು ಒಡೆಯಿರಿ. ಒಂದೊಂದು ತುಂಡನ್ನು ಅದನ್ನು ಬಲ್ಲವರ ಹತ್ತಿರ ಒಯ್ಯಿರಿ.

ಮೇಲೆ ಹೇಳಿದ ಟೀಚರ್ ಕತೆ ಕೇಳಿ. ಅವರು ತಾವೇ ಬರೆದ ಒಂದು ಮಳೆಗಾಲದ ಹಾಡನ್ನು ಮೋಹನ ರಾಗದಲ್ಲಿ, ಆದಿತಾಳದಲ್ಲಿ ಕಟ್ಟಿದ್ದರು. ಮೊದಲ ಸಾಲು ಹೀಗಿದೆ: "ಮಳೆ ಬಂತು, ಹೊಳೆ ತುಂಬಿ ತೋಟದಲಿ ನೀರು." ಹಾಡಿದರೆ ಏನೋ ಎಳೆದ ಹಾಗೆ ಆಗುತ್ತಿತ್ತು. ರಾಗಗಳ ಚರ್ಚೆ ನಡೆಯುವ ಒಂದು ವಾಟ್ಸಾಪ್ ಗುಂಪಿಗೆ ಹಾಕಿ, "ಹೇಗಿದೆ ಹೇಳಿ" ಎಂದು ಕೇಳಿದರು. ಕೈಮುಗಿದ ಚಿತ್ರ, ಚಪ್ಪಾಳೆ ಚಿತ್ರ ಸಾಲುಸಾಲಾಗಿ ಬಂತು. ಒಬ್ಬರು ಹಂಸಧ್ವನಿಯಲ್ಲಿ ಮಾಡಿ ನೋಡಿ ಎಂದರು. ಇನ್ನೊಬ್ಬರು ಮಳೆ ಅಂದಮೇಲೆ ಅಮೃತವರ್ಷಿಣಿ ಬೇಡವಾ ಎಂದರು. ಪಾಪ, ಅವರು ಎರಡೂ ಮಾಡಿ ನೋಡಿದರು. ಎಳೆತ ಹೋಗಲಿಲ್ಲ.

ಹೋಗುವುದು ಹೇಗೆ? ತೊಂದರೆ ಇದ್ದದ್ದು ರಾಗದಲ್ಲಿ ಅಲ್ಲವೇ ಅಲ್ಲ. ಆ ಸಾಲಿನ ಮಾತ್ರೆ ಎಣಿಸಿ, ಲಘುವಿಗೆ ಒಂದು, ಗುರುವಿಗೆ ಎರಡು. "ಮಳೆ ಬಂತು" ಐದು ಮಾತ್ರೆ. "ಹೊಳೆ ತುಂಬಿ" ಐದು. "ತೋಟದಲಿ" ಐದು. "ನೀರು" ಮೂರು, ಆಮೇಲೆ ಎರಡು ಮಾತ್ರೆ ಉಸಿರಿಗೆ. ಇದು ಐದೈದರ ನಡಿಗೆಯ ಸಾಲು, ಲಲಿತ ರಗಳೆಯ ಜಾತಿಯದು. ಇದನ್ನು ಅವರು ಎಂಟು ಎಣಿಕೆಯ ಆದಿತಾಳಕ್ಕೆ ಹೊಂದಿಸಲು ಹೋಗಿ, ಪ್ರತಿ ಗಣದ ಕೊನೆಯಲ್ಲಿ ಮೂರು ಮಾತ್ರೆ ಎಳೆಯುತ್ತಿದ್ದರು. "ಬಂತೂಊಊ", "ತುಂಬೀಈಈ". ಕನ್ನಡದಲ್ಲಿ "ಬಂತು" ಎಂಬುದರ "ತು" ಹ್ರಸ್ವ. ಅದನ್ನು ನಾಲ್ಕು ಮಾತ್ರೆ ಎಳೆದರೆ ಯಾವ ರಾಗ ಹಾಕಿದರೂ ಮಾತು ಮಾತಿನ ಹಾಗೆ ಕೇಳುವುದಿಲ್ಲ.

ಅದೇ ಸಾಲನ್ನು ಖಂಡಚಾಪುವಿಗೆ ತನ್ನಿ. ಖಂಡಚಾಪು ಅಂದರೆ ಎರಡು, ಮೂರು. ಮಳೆ, ಬಂತು. ಹೊಳೆ, ತುಂಬಿ. ತೋ, ಟದಲಿ. ಗಣವೂ ಎರಡು ಮೂರಾಗಿಯೇ ಒಡೆಯುತ್ತದೆ, ತಾಳವೂ ಹಾಗೇ ಒಡೆಯುತ್ತದೆ. ತಬಲಾದವರು ಸಿಕ್ಕರೆ ಝಪ್ ತಾಳ ಸಾಕು, ಅದರ ಹತ್ತು ಮಾತ್ರೆಯ ವಿಭಾಗ ಎರಡು, ಮೂರು, ಎರಡು, ಮೂರು. ಒಂದು ಸಾಲಿಗೆ ಸರಿಯಾಗಿ ಎರಡು ಆವರ್ತ. ಟೀಚರ್ ರಾಗವನ್ನು ಬದಲಾಯಿಸಲೇ ಇಲ್ಲ. ಅದೇ ಮೋಹನ, ಹಾಡು ನಡೆಯತೊಡಗಿತು.

ಇದನ್ನು ಕಂಡುಹಿಡಿದು ಹೇಳಿದ್ದು ಯಾವ ಆನ್‌ಲೈನ್ ಗುಂಪೂ ಅಲ್ಲ, ಅವರ ಊರಿನ ಪಕ್ಕದ ಒಬ್ಬ ಗಮಕಿ ಅಜ್ಜ, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು. ನಮ್ಮ ಜಿಲ್ಲೆಯಲ್ಲಿ ಕಾವ್ಯವಾಚನ ಬಲ್ಲವರಿಗೆ ಬರವಿಲ್ಲ. ತುಂಗೆಯ ಆಚೆ ಈಚೆ ಇರುವ ಮತ್ತೂರು, ಹೊಸಹಳ್ಳಿ ಎಲ್ಲರಿಗೂ ಗೊತ್ತು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ತಾಳದ ಕಟ್ಟು ಇರುವುದಿಲ್ಲ. ಅದಕ್ಕೇ ಗಮಕಿಗಳ ಕಿವಿ ಪದ ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂಬಲ್ಲಿ ಬಹಳ ಚುರುಕು. ಅಜ್ಜ ಟೀಚರ್‌ಗೆ ಹೇಳಿದ್ದು, "ಮಗಾ, ಮೊದಲು ತಾಳ ಬಿಡು, ಸುಮ್ನೆ ಓದು." ಓದಿಸಿದ ಮೇಲೆ ಬೆರಳು ಮಡಚಿ ಎಣಿಸಿದರು, ಅಷ್ಟೇ. ಹಾಗೆಯೇ ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕರ ನಡೆ ಇದೆ, ಮಿಶ್ರಚಾಪು ತಾನಾಗಿ ಕೂರುತ್ತದೆ. ನಾಲ್ಕರ ನಡೆಯ ಸಾಲಾದರೆ ಆದಿತಾಳವೋ ಕೆಹರ್ವಾವೋ ಸಲೀಸು. ಈ ಲೆಕ್ಕವನ್ನು ಅಮೆರಿಕದಲ್ಲಿ ಕೂತ ಸಂಗೀತ ಪಂಡಿತರ ಹತ್ತಿರ ಕೇಳಿ ಏನು ಮಾಡುತ್ತೀರಿ?

ಆದರೆ ಅವರ ಹತ್ತಿರವೇ ಕೇಳಬೇಕಾದ ಪ್ರಶ್ನೆಗಳೂ ಇವೆ. ಕಾಲೇಜು ಹುಡುಗ ಇದೇ ಹಾಡಿಗೆ ಕೀಬೋರ್ಡಿನಲ್ಲಿ ಕಾರ್ಡ್ ಹಾಕಿದ, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತಿದ. ಸಿ, ಎಫ್, ಜಿ. ಸಿನಿಮಾ ಹಾಡಿಗೆ ಹಾಕಿ ಹಾಕಿ ಕೈಗೆ ಬಂದದ್ದು. ಹಾಕಿದ ಕೂಡಲೇ ಮೋಹನ ಮಾಯ. ಅವನು ಚರ್ಚೆಯ ಜಾಲತಾಣ ರೆಡಿಟ್‌ನ ಮ್ಯೂಸಿಕ್ ಥಿಯರಿ ಗುಂಪಿಗೆ ಹೋಗಲು ತಯಾರಾದ. ನಾನು ಹೇಳಿದೆ, "ಮೋಹನ ರಾಗಕ್ಕೆ ಕಾರ್ಡ್ ಯಾವುದು ಅಂತ ಕೇಳಬೇಡ, ರಾಗದ ಹೆಸರು ಅಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತೆ? ಷಡ್ಜವನ್ನು ಸೊನ್ನೆ ಅಂತ ಇಟ್ಟುಕೊಂಡು ಅರ್ಧ ಅರ್ಧ ಸ್ವರದ ಲೆಕ್ಕದಲ್ಲಿ ಬರೆ." ಮೋಹನ ಹಾಗೆ ಬರೆದರೆ 0, 2, 4, 7, 9. ಮಧ್ಯಮ, ನಿಷಾದ ಇಲ್ಲ, ಹಿನ್ನೆಲೆಯಲ್ಲೂ ಬರಬಾರದು, ಹಾಗಾದರೆ ಯಾವ ಕಾರ್ಡ್ ಉಳಿಯುತ್ತವೆ? ಇದು ಪ್ರಶ್ನೆ.

ಇಂಥ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ, ಏಕೆಂದರೆ ಉತ್ತರ ಖಚಿತವಾಗಿದೆ. ಸಿ ಶ್ರುತಿಯಲ್ಲಿ ಆ ಐದು ಸ್ವರಗಳಿಂದ ಪೂರ್ತಿಯಾಗಿ ಆಗುವ ತ್ರಿಸ್ವರ ಕಾರ್ಡ್ ಎರಡೇ: ಸಿ ಮೇಜರ್ ಅಂದರೆ ಸ ಗ ಪ, ಎ ಮೈನರ್ ಅಂದರೆ ದ ಸ ಗ. ಎಫ್ ಮೇಜರ್ ಒತ್ತಿದರೆ ಮಧ್ಯಮ ಬರುತ್ತದೆ, ಜಿ ಮೇಜರ್ ಒತ್ತಿದರೆ ನಿಷಾದ ಬರುತ್ತದೆ. ಹುಡುಗ ಒತ್ತುತ್ತಿದ್ದದ್ದು ಅವೆರಡನ್ನೇ. ಜಿ ಬೇಕೇ ಬೇಕು ಅನ್ನಿಸಿದರೆ ನಡುವಿನ ಸ್ವರ ಬಿಟ್ಟು ಪ, ರಿ ಮಾತ್ರ ಹಿಡಿಯಬಹುದು. ಗ ಬಿಟ್ಟು ಸ ರಿ ಪ ಹಿಡಿದರೆ ಅದೂ ಚೆಂದ.

ರೆಡಿಟ್‌ನಲ್ಲಿ ಕಂಪೋಸರ್ ಎಂಬ ಇನ್ನೊಂದು ಗುಂಪಿದೆ. ಅಲ್ಲಿ ನಿಮ್ಮ ರಚನೆ ಹಾಕಬೇಕಾದರೆ ಧ್ವನಿಯ ಜೊತೆ ಸ್ವರಲಿಪಿಯಲ್ಲಿ ಬರೆದ ಸ್ಕೋರ್ ಕೂಡ ಇರಬೇಕು. ಮೊದಮೊದಲು ಕಿರಿಕಿರಿ ಅನ್ನಿಸುತ್ತದೆ, ಆದರೆ ನನಗೆ ಈ ನಿಯಮ ತುಂಬ ಇಷ್ಟ. ಬರೆಯಲು ಕೂತಾಗಲೇ ಅರ್ಧ ತಪ್ಪು ಕಣ್ಣಿಗೆ ಬೀಳುತ್ತದೆ. ಮ್ಯೂಸ್‌ಸ್ಕೋರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕಿಕೊಂಡರೆ ಅದರಲ್ಲೇ ಬರೆಯಬಹುದು. ಪ್ರಶ್ನೋತ್ತರದ ಜಾಲತಾಣ ಸ್ಟಾಕ್ ಎಕ್ಸ್‌ಚೇಂಜ್‌ನ ಸಂಗೀತ ವಿಭಾಗ ಬೇರೆ ಥರ. ಅಲ್ಲಿ ಹರಟೆಗೆ ಜಾಗ ಇಲ್ಲ. ಪ್ರಶ್ನೆಗೆ ಉತ್ತರ, ಅಷ್ಟೇ. "ಚೆನ್ನಾಗಿದೆಯಾ" ಎಂದು ಕೇಳಿದರೆ ಪ್ರಶ್ನೆಯನ್ನೇ ಮುಚ್ಚಿಬಿಡುತ್ತಾರೆ. ಕರ್ನಾಟಕ ಸಂಗೀತದವರಿಗೆ ರಸಿಕಾಸ್ ಎಂಬ ಚರ್ಚೆಯ ಜಾಲತಾಣ ಇದೆ. ಅಲ್ಲಿ ರಾಗಲಕ್ಷಣದ ಬಗ್ಗೆ ಹಳೆಯ ಚರ್ಚೆಗಳು ರಾಶಿ ಬಿದ್ದಿವೆ. ಹೊಸದಾಗಿ ಕೇಳುವ ಮುಂಚೆ ಹಳೆಯದನ್ನು ಹುಡುಕಿ ಓದುವುದು ಲಾಭ.

ಒಂದು ಗುಂಪು ಜೀವಂತವಾಗಿದೆಯೋ ಇಲ್ಲವೋ ಎಂದು ತಿಳಿಯಲು ಎಷ್ಟು ಸಾವಿರ ಸದಸ್ಯರಿದ್ದಾರೆ ಎಂದು ನೋಡಬೇಡಿ. ಯಾರಾದರೂ ಹೊಸಬರು ಕೇಳಿದ ಪ್ರಶ್ನೆಯೊಂದನ್ನು ತೆಗೆದು, ಉತ್ತರ ಕೊಟ್ಟವರು ಏನಾದರೂ ತಿರುಗಿ ಕೇಳಿದ್ದಾರಾ ನೋಡಿ. "ಯಾವ ಶ್ರುತಿ? ಎಲ್ಲಿಂದ ಎತ್ತಿಕೊಂಡಿರಿ? ಎರಡನೇ ಸಾಲು ಕಳಿಸ್ತೀರಾ?" ಹೀಗೆ ಕೇಳುವವರಿರುವ ಗುಂಪಿನಲ್ಲಿ ಇಪ್ಪತ್ತೇ ಜನ ಇದ್ದರೂ ಇರಿ. ಶುಭೋದಯ, ಹುಟ್ಟುಹಬ್ಬ, ತಮ್ಮ ತಮ್ಮ ಕಾರ್ಯಕ್ರಮದ ಪೋಸ್ಟರ್, ಇದಿಷ್ಟೇ ತುಂಬಿದ್ದರೆ ಸದ್ದಿಲ್ಲದೆ ಹೊರಗೆ ಬನ್ನಿ. ನಮ್ಮ ಕಡೆ ಗುಂಪಿನಿಂದ ಹೊರಗೆ ಬಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಭಯ ಬೇರೆ ಇರುತ್ತದೆ. ಹಾಗಿದ್ದರೆ ಮ್ಯೂಟ್ ಮಾಡಿ.

ರಾಗದ ಪ್ರಶ್ನೆ ಕೇಳುವಾಗ ಮಲೆನಾಡಿನವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ನಮ್ಮ ಕಿವಿಯಲ್ಲಿ ಎರಡು ಪದ್ಧತಿ ಇರುವುದರಿಂದ ಹೆಸರುಗಳು ಕಲಸಿಹೋಗುತ್ತವೆ. ಕರ್ನಾಟಕ ಪದ್ಧತಿಯಲ್ಲಿ ಶುದ್ಧ ರಿಷಭ ಅಂದರೆ ಷಡ್ಜದ ಪಕ್ಕದ ಮನೆ. ಹಿಂದೂಸ್ತಾನಿಯವರು ಅದಕ್ಕೆ ಕೋಮಲ ಎನ್ನುತ್ತಾರೆ. ಅವರ ಶುದ್ಧ ರಿಷಭ ನಮ್ಮ ಚತುಶ್ರುತಿ. ಧೈವತಕ್ಕೂ ಇದೇ ಗೋಳು. ಮಧ್ಯಮ ಮಾತ್ರ ಎರಡೂ ಕಡೆ ಶುದ್ಧವೇ. ರಾಗದ ಹೆಸರುಗಳದ್ದು ಇನ್ನೂ ಗೋಜಲು. ಕರ್ನಾಟಕಿಯ ತೋಡಿ ಮೂಲರಾಗಗಳ ಪಟ್ಟಿಯಲ್ಲಿ ಎಂಟನೆಯ ಮೇಳ, ಅದರ ಸ್ವರಗಳು ಹಿಂದೂಸ್ತಾನಿಯ ಭೈರವಿಯದ್ದು. ಹಿಂದೂಸ್ತಾನಿಯ ತೋಡಿಯ ಸ್ವರ ನಮ್ಮ 45ನೆಯ ಮೇಳ ಶುಭಪಂತುವರಾಳಿಯದ್ದು. ನಮ್ಮ ಹಿಂದೋಳ ಅವರ ಮಾಲಕೌಂಸ್, ಅವರ ಹಿಂದೋಲ್ ಬೇರೆಯೇ ರಾಗ. ಒಂದು ಗುಂಪಿನಲ್ಲಿ ತೋಡಿಯ ಮಧ್ಯಮದ ಬಗ್ಗೆ ಎರಡು ದಿನ ಜಗಳ ನಡೆದದ್ದು ನೋಡಿದ್ದೇನೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು, ಬೇರೆ ಬೇರೆ ತೋಡಿಯ ಬಗ್ಗೆ. ಅದಕ್ಕೇ ಆ ಸೊನ್ನೆಯಿಂದ ಎಣಿಸುವ ಲೆಕ್ಕವನ್ನು ಇಲ್ಲೂ ರಾಗದ ಹೆಸರಿನ ಜೊತೆ ಬರೆದುಬಿಡಿ. ಅದರಲ್ಲಿ ಗಮಕ, ಅಂದರೆ ಸ್ವರದ ಓಲಾಟ, ಹಿಡಿಯಲು ಆಗುವುದಿಲ್ಲ ನಿಜ. ಅದಕ್ಕೆ ಹಾಡಿದ ತುಣುಕು ಇದ್ದೇ ಇರುತ್ತದಲ್ಲ.

ಶ್ರುತಿಯೂ ಹಾಗೇ. ಯಕ್ಷಗಾನದ ಭಾಗವತರು, ಹಾರ್ಮೋನಿಯಂನವರು "ಕಪ್ಪು ಒಂದು", "ಬಿಳಿ ನಾಲ್ಕು" ಎನ್ನುತ್ತಾರೆ. ಹೊರಗಿನವರಿಗೆ ಬರೆಯುವಾಗ ಕಪ್ಪು ಒಂದನ್ನು ಸಿ ಶಾರ್ಪ್ ಎನ್ನಿ, ಬಿಳಿ ನಾಲ್ಕನ್ನು ಎಫ್ ಎನ್ನಿ.

ಇನ್ನು ತುಣುಕು ಕಳಿಸುವ ವಿಚಾರ. ಪೂರ್ತಿ ಹಾಡು ಕಳಿಸಬೇಡಿ, ಯಾರೂ ಕೇಳುವುದಿಲ್ಲ. ತೊಂದರೆ ಇರುವ ಸಾಲು, ಅದರ ಹಿಂದಿನದೊಂದು, ಸಾಕು. ಕೈಯಲ್ಲಿ ತಾಳ ಹಾಕುತ್ತಾ ಹಾಡಿ, ತಟ್ಟುವ ಸದ್ದು ಕೇಳಲಿ. ವಾಟ್ಸಾಪ್‌ನ ವಾಯ್ಸ್ ನೋಟ್ ಬೇಡ, ಅದು ಧ್ವನಿಯನ್ನು ಹಿಂಡಿ ಕಳಿಸುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ಮುದ್ರಿಸಿ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಕಾಲ್‌ನಲ್ಲಿ ಕೂತು ಚರ್ಚಿಸುವವರಿಗೆ ಇನ್ನೊಂದು ತಾಪತ್ರಯ. ಒಂದೇ ಸಮ ಕೇಳುವ ಸದ್ದನ್ನು ಆ್ಯಪ್ ಗಲಾಟೆ ಎಂದು ತಿಳಿದು ತೆಗೆದುಹಾಕುತ್ತದೆ. ಜುಲೈ ಮಳೆ ತಗಡಿನ ಮಾಡಿನ ಮೇಲೆ ಬೀಳುವ ಸದ್ದು ಹೋದರೆ ಒಳ್ಳೆಯದೇ, ಆದರೆ ಅದರ ಜೊತೆ ತಂಬೂರಿಯೂ ಹೋಗುತ್ತದೆ! ಝೂಮ್‌ನಲ್ಲಿ ಸಂಗೀತದವರಿಗೆಂದೇ ಒರಿಜಿನಲ್ ಸೌಂಡ್ ಎಂಬ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಕಾಲ್‌ನಲ್ಲಿ ಇಬ್ಬರು ಒಟ್ಟಿಗೆ ಹಾಡಲು ಹೋಗಬೇಡಿ. ಹತ್ತು ಮೀಟರ್ ದೂರ ನಿಂತವರ ಧ್ವನಿ ನಮ್ಮ ಕಿವಿಗೆ ಬರಲು ಸುಮಾರು 30 ಮಿಲಿಸೆಕೆಂಡ್ ಬೇಕು. ಅಷ್ಟರವರೆಗೆ ತಾಳ ಹೇಗೋ ಕೂಡುತ್ತದೆ. ನಮ್ಮ ಗುಡ್ಡದ ಟವರಿನ ಸಿಗ್ನಲ್‌ನಲ್ಲಿ ಅಷ್ಟು ಬೇಗ ಧ್ವನಿ ಬರುವ ಮಾತೇ ಇಲ್ಲ. ಒಬ್ಬರು ಹಾಡಿ, ಇನ್ನೊಬ್ಬರು ಕೇಳಿ. ಕರೆಂಟ್ ಹೋಗುವ ದಿನಗಳಲ್ಲಂತೂ ಬರೆದು ಕೇಳುವ ಗುಂಪುಗಳೇ ಉತ್ತಮ. ಇವತ್ತು ಕೇಳಿದ್ದಕ್ಕೆ ನಾಳೆ ನೆಟ್‌ವರ್ಕ್ ಬಂದಾಗ ಉತ್ತರ ನೋಡಿದರೂ ನಡೆಯುತ್ತದೆ.

ಧಾಟಿಯ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ ಅಂತಲ್ಲ. ನಾಡಗೀತೆಯ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯ ಕುಪ್ಪಳಿಯ ಕವಿಯ ಪದ್ಯ, 2004ರಲ್ಲಿ ನಾಡಗೀತೆಯಾಯಿತು. ಯಾರ ಧಾಟಿ ಎಂಬುದು ತೀರ್ಮಾನವಾಗಿದ್ದು 2022ರಲ್ಲಿ: ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ. ಅಷ್ಟು ವರ್ಷಗಳ ವಾದದಲ್ಲಿ ನಾನು ಕೇಳಿದ್ದು ಎಷ್ಟು ನಿಮಿಷ, ಯಾರ ಹೆಸರು ಎಂಬ ಮಾತೇ ಜಾಸ್ತಿ. ಯಾವ ಧಾಟಿಯಲ್ಲಿ ಯಾವ ಪದ ಹೇಗೆ ಕೂತಿದೆ ಎಂದು ಸಾಲು ಹಿಡಿದು ಮಾತಾಡಿದವರು ಕಡಿಮೆ. ಆ ಮಾತು ಕೇಳಲು ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ಕೊನೆಗೆ ಅನುಮತಿಯ ವಿಷಯ, ಇದನ್ನು ಹುಡುಗರು ಮರೆತೇಬಿಡುತ್ತಾರೆ. ಧಾಟಿ ನಿಮ್ಮದಾದರೂ ಕವಿತೆ ಕವಿಯದ್ದು. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಉಳಿಯುತ್ತದೆ, ಮುಂದಿನ ಜನವರಿಯಿಂದ ಎಣಿಕೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಬೇಂದ್ರೆಯವರದು 1981, ಹಾಗಾಗಿ 2041. ಇಂಥ ಪದ್ಯಕ್ಕೆ ಧಾಟಿ ಹಾಕಿ ಊರಿಗೆಲ್ಲ ಕೇಳುವ ಹಾಗೆ ಏರಿಸುವ ಮುಂಚೆ ಹಕ್ಕುದಾರರಿಗೆ ಒಂದು ಪತ್ರ ಬರೆಯಿರಿ. ಸುಮ್ನೆ ಅಭ್ಯಾಸಕ್ಕೆ, ಚರ್ಚೆಗೆ ಸಾಲು ಬೇಕಾದರೆ ವಚನ ಇದೆ, ದಾಸರ ಪದ ಇದೆ, ಕುಮಾರವ್ಯಾಸ ಇದ್ದಾನೆ. ಇಲ್ಲದಿದ್ದರೆ ಆ ಟೀಚರ್ ಹಾಗೆ ನೀವೇ ನಾಲ್ಕು ಸಾಲು ಬರೆದುಕೊಳ್ಳಿ, ಮಾತ್ರೆ ಎಣಿಸಿಕೊಂಡು.