ಶೋಕದ ಹಾಡು ಕೇಳಿ, ಆಮೇಲಿನ ಹತ್ತು ನಿಮಿಷ ನೋಡಿ

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬರುವ ಕನ್ನಡದವರು ಮೊದಲ ಭೇಟಿಯಲ್ಲಿ ತಾವಾಗಿ ಹಾಡಿನ ಮಾತು ಎತ್ತುವುದಿಲ್ಲ. ನಿದ್ದೆ, ಊಟ, ಕೆಲಸ, ಮನೆಯ ತಾಪತ್ರಯ ಎಲ್ಲ ವಿಚಾರಿಸಿ "ಬೇಜಾರಾದಾಗ ಏನು ಮಾಡ್ತೀರಿ?" ಎಂದು ಕೇಳಿದರೆ ಆಗ ಹೊರಗೆ ಬರುತ್ತದೆ: "ಮೊಬೈಲಲ್ಲಿ ಹಾಡು ಹಾಕ್ಕೊಂಡು ಕೂತ್ಕೋತೀನಿ ಮೇಡಂ. ಎಲ್ಲಾ ದುಃಖದ ಹಾಡೇ. ಅದು ತಪ್ಪಾ?" ಹೀಗೆ ಕೇಳುವವರಿಗೆ ಮನೆಯಲ್ಲಿ ಯಾರೋ ಆಗಲೇ ಬೈದಿರುತ್ತಾರೆ. ಅಳುಮುಂಜಿ ಹಾಡು ಬಿಟ್ಟು ಏನಾದರೂ ಖುಷಿಯಾಗಿರೋದು ಕೇಳು ಎಂಬ ಉಪದೇಶವೂ ಆಗಿರುತ್ತದೆ.

ತಪ್ಪಲ್ಲ ಎಂದೇ ನಾನು ಹೇಳುತ್ತೇನೆ. ಹಾಡು ಶೋಕದ್ದೋ ಸಂತೋಷದ್ದೋ ಎಂದು ನೋಡಿ ಆರಿಸುವುದರಿಂದ ಹೆಚ್ಚು ಉಪಯೋಗವಿಲ್ಲ. ಹಾಡು ಮುಗಿದ ಮೇಲಿನ ಹತ್ತು ನಿಮಿಷ ನೀವು ಏನು ಮಾಡುತ್ತೀರಿ ಎಂಬುದನ್ನು ನೋಡಿ ಆರಿಸಬೇಕು.

ದುಃಖದಲ್ಲಿರುವವರು ದುಃಖದ ಸಂಗೀತವನ್ನೇ ಹುಡುಕಿಕೊಂಡು ಹೋಗುವುದು ನಮ್ಮವರಿಗೆ ಹೊಸ ಸಂಗತಿಯಲ್ಲ. ನಾಟ್ಯಶಾಸ್ತ್ರ ಶೋಕವನ್ನು ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವವೆಂದೂ ಅದರಿಂದ ಹುಟ್ಟುವ ಕರುಣವನ್ನು ರಸವೆಂದೂ ಎಣಿಸಿತು. ಬದುಕಿನಲ್ಲಿ ನೋಯಿಸುವ ಶೋಕ ರಂಗದ ಮೇಲೆ ಬಂದಾಗ ಆಸ್ವಾದಿಸುವಂಥದಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಇತ್ತೀಚಿನ ಮನಶ್ಶಾಸ್ತ್ರವೂ ಇದರ ಹತ್ತಿರಕ್ಕೇ ಬಂದಿದೆ. 2014ರಲ್ಲಿ ಬರ್ಲಿನ್ನಿನ ಇಬ್ಬರು ಸಂಶೋಧಕರು 772 ಜನರನ್ನು ಕೇಳಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದುಃಖದ ಸಂಗೀತ ಎಬ್ಬಿಸುವ ಭಾವಗಳಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಕಳೆದ ದಿನಗಳ ಹಂಬಲ. ನೆಮ್ಮದಿ, ಮಾರ್ದವತೆ ಎಂದವರೂ ಬಹಳ ಮಂದಿ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಖಿನ್ನತೆ ಇದ್ದವರೂ ನಿಧಾನಗತಿಯ ಶೋಕದ ಸಂಗೀತವನ್ನೇ ಇಷ್ಟಪಟ್ಟರು. ಏಕೆಂದು ಕೇಳಿದರೆ ಅದು ಮನಸ್ಸನ್ನು ಶಾಂತ ಮಾಡುತ್ತದೆ ಎಂದರು. ತಮ್ಮನ್ನು ಇನ್ನಷ್ಟು ನೋಯಿಸಿಕೊಳ್ಳಲು ಅವರು ಅದನ್ನು ಆರಿಸುತ್ತಿರಲಿಲ್ಲ.

ನನ್ನಲ್ಲಿಗೆ ಬಂದ ಇಬ್ಬರ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಒಬ್ಬರು ಕುಂದಾಪುರ ಕಡೆಯವರು, ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುವವರು. ತಾಯಿ ತೀರಿಕೊಂಡ ಸುದ್ದಿ ಬಂದು, ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ದಹನ ಮುಗಿದಿತ್ತು. ಮರಳಿ ಬಂದ ಮೇಲೆ ರಾತ್ರಿ ಹೋಟೆಲು ಮುಚ್ಚಿ, ಲೆಕ್ಕ ಒಪ್ಪಿಸಿ, ರೂಮಿಗೆ ಹೋಗಿ ಯಕ್ಷಗಾನದ ಪದ್ಯ ಹಚ್ಚುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಪ್ರಲಾಪ ಅದು. ಚೆಂಡೆ ಸುಮ್ಮನಿದ್ದು ಮದ್ದಳೆ ಮಾತ್ರ ಮೆಲ್ಲಗೆ ನುಡಿಯುತ್ತದೆ, ಭಾಗವತರು ಒಂದೇ ಸಾಲನ್ನು ಎಳೆದೆಳೆದು ಹಾಡುತ್ತಾರೆ. ಇವರು ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ರೂಮಿನ ಜೊತೆಗಾರರಿಗೆ ಹೆದರಿಕೆಯಾಗಿ ನನ್ನ ಹತ್ತಿರ ಕರೆದುಕೊಂಡು ಬಂದರು.

ಪದ್ಯ ಮುಗಿದ ಮೇಲೆ ಏನು ಮಾಡ್ತೀರಿ ಎಂದು ಕೇಳಿದೆ. ಮುಖ ತೊಳೆಯುತ್ತಾರೆ. ಊರಲ್ಲಿರುವ ಅಕ್ಕನಿಗೆ ಮೆಸೇಜು ಹಾಕುತ್ತಾರೆ, ಕೆಲವು ದಿನ ಫೋನು ಮಾಡಿ ಅಮ್ಮನ ಮಾತಾಡುತ್ತಾರೆ. ಮಲಗುತ್ತಾರೆ. "ಅದ್ ಕೇಂಡ್ ಮೇಲೇ ಮೇಡಂ, ನಂಗ್ ನಿದ್ರಿ ಬಪ್ದ್" ಎಂದರು. ಹಗಲು ಗಿರಾಕಿಗಳ ಮುಂದೆ ಅಳಲಾಗದ ಮನುಷ್ಯ ರಾತ್ರಿ ಅಳಲು ಒಂದು ಜಾಗ ಮಾಡಿಕೊಂಡಿದ್ದರು. ಅಂತಿಮ ದರ್ಶನ ತಪ್ಪಿದವರಿಗೆ ಶೋಕ ಎಲ್ಲೋ ಅರ್ಧಕ್ಕೆ ನಿಂತಂತಿರುತ್ತದೆ. ಆ ಪದ್ಯ ಅದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಒಯ್ಯುತ್ತಿತ್ತು. ಕೇಳುವುದನ್ನು ನಿಲ್ಲಿಸಬೇಡಿ ಎಂದು ಅವರಿಗೂ, ತಡೆಯಬೇಡಿ ಎಂದು ಜೊತೆಗಾರರಿಗೂ ಹೇಳಿ ಕಳಿಸಿದೆ.

ಇನ್ನೊಬ್ಬಳು ಐರೋಳಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ಹುಬ್ಬಳ್ಳಿಯವಳು. ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ ಒಂದೇ ಸಿನಿಮಾ ಹಾಡನ್ನು ರಿಪೀಟ್ ಹಾಕುತ್ತಿದ್ದಳು. ಹಾಡು ಕಿವಿಯಲ್ಲಿ ಓಡುತ್ತಿರುವಾಗ ಕೈ ತಾನಾಗಿ ವಾಟ್ಸ್ಯಾಪಿನ ಹಳೇ ಮೆಸೇಜುಗಳಿಗೆ ಹೋಗುತ್ತಿತ್ತು. ಆ ದಿನ ಅವನು ಹಾಗೇಕೆ ಅಂದ, ನಾನು ಬೇರೆ ರೀತಿ ಉತ್ತರ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಅದೇ ಅದೇ ಯೋಚನೆ. ಎರಡು ಗಂಟೆಯಾದರೂ ನಿದ್ದೆಯಿಲ್ಲ. ಮತ್ತೆ ಬೆಳಿಗ್ಗೆ ಕಚೇರಿಯ ಬಸ್ಸಿನಲ್ಲೂ ಅದೇ ಹಾಡು. "ಅದೊಂದೇ ನನಗೆ ಸಮಾಧಾನ ಕೊಡ್ತದ್ರೀ" ಎಂದಳು.

ಅದು ಸಮಾಧಾನ ಕೊಡುತ್ತದೆಂದು ಅವಳು ನಂಬಿದ್ದು ಸುಳ್ಳಲ್ಲ, ಹಾಡು ಓಡುವಷ್ಟು ಹೊತ್ತು ಹಾಗೇ ಅನ್ನಿಸುತ್ತದೆ. ಆದರೆ ಪ್ರತಿ ರಾತ್ರಿ ಹಾಡಿನ ಮೊದಲು ಮತ್ತು ಆಮೇಲೆ ಮನಸ್ಸಿನ ಭಾರಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದೆ. ಒಂದು ವಾರದ ಪುಟ ತಂದು ತೋರಿಸಿದಳು. ಒಂದು ರಾತ್ರಿಯೂ ಅಂಕ ಇಳಿದಿರಲಿಲ್ಲ, ಬಹಳ ರಾತ್ರಿ ಏರಿತ್ತು. ನೋವನ್ನು ಮೆಲುಕು ಹಾಕುವ ಸ್ವಭಾವದವರಿಗೆ ತಾವೇ ಆರಿಸಿದ ಶೋಕದ ಹಾಡು ಹೆಚ್ಚಾಗಿ ಹೀಗೇ ತಿರುಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕಿ ಸಾಂಡ್ರಾ ಗ್ಯಾರಿಡೋ ಅವರ ಅಧ್ಯಯನಗಳೂ ಇದನ್ನೇ ತೋರಿಸಿವೆ: ಇಂಥವರು ಹಾಡು ಕೇಳಿದ ಮೇಲೆ ಹೆಚ್ಚು ಕುಗ್ಗುತ್ತಾರೆ, ಆದರೂ ಅದೇ ತಮಗೆ ನೆರವಾಗುತ್ತಿದೆ ಎಂದುಕೊಳ್ಳುತ್ತಾರೆ.

ಇಬ್ಬರೂ ಕೇಳಿದ್ದು ಶೋಕವೇ, ಇಬ್ಬರೂ ಅತ್ತರು. ಹೋಟೆಲಿನವರ ಅಳು ಅಕ್ಕನ ಕಡೆಗೆ, ನಿದ್ದೆಯ ಕಡೆಗೆ ಹೋಯಿತು. ಇವಳದು ಹಳೇ ಮೆಸೇಜುಗಳಲ್ಲೇ ಸುತ್ತಿತು.

ಹಾಗಾದರೆ ಅವಳಿಗೆ ಕುಣಿಯುವ ಹಾಡು ಕೊಡಬೇಕಿತ್ತೇ? ಮನಸ್ಸು ನೆಲ ಕಚ್ಚಿರುವಾಗ ಡೋಲು ಬಡಿದರೆ ಸಿಟ್ಟು ಬರುತ್ತದೆ, ಅಷ್ಟೇ. 1940ರ ದಶಕದಲ್ಲೇ ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ ತಮ್ಮ ಆಸ್ಪತ್ರೆಯ ರೋಗಿಗಳಲ್ಲಿ ಇದನ್ನು ಗಮನಿಸಿದ್ದರು. ರೋಗಿ ಯಾವ ಮನಃಸ್ಥಿತಿಯಲ್ಲಿದ್ದಾನೋ ಅದಕ್ಕೆ ಹೊಂದುವ ಸಂಗೀತದಿಂದ ಶುರು ಮಾಡು, ಆಮೇಲೆ ಮೆಲ್ಲಗೆ ಬೇಕಾದ ಕಡೆಗೆ ಬದಲಿಸುತ್ತ ಹೋಗು ಎಂಬುದು ಅವರ ಸೂತ್ರ. ಸಂಗೀತ ಚಿಕಿತ್ಸೆಯಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ.

ನಮ್ಮ ಸಂಗೀತ ಕೇಳಿದವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಿಲ್ಲ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಯಾರ ಧ್ವನಿಮುದ್ರಣವನ್ನಾದರೂ ಪೂರ್ತಿ ಕೇಳಿ ನೋಡಿ. ಹಿಂದುಸ್ತಾನಿಯ ಖಯಾಲ್ ಗಾಯನ ನಿಧಾನದ ವಿಲಂಬಿತದಲ್ಲಿ ಶುರುವಾಗಿ ವೇಗದ ದ್ರುತಕ್ಕೆ ಬರುತ್ತದೆ, ರಾಗ ಮಾತ್ರ ಅದೇ ಇರುತ್ತದೆ. ಭಾವ ಬಿಡದೆ ಗತಿ ಏರುವ ಈ ಕ್ರಮ ಕುಗ್ಗಿದ ಮನಸ್ಸಿಗೆ ಬಹಳ ಹೊಂದುತ್ತದೆ. ಕರ್ನಾಟಕ ಸಂಗೀತದ ಕಚೇರಿಯೂ ಭಾರವಾದ ಕೃತಿಯ ಮೇಲೆ ಮುಗಿಯುವುದಿಲ್ಲ. ದೇವರನಾಮ, ಜಾವಳಿ, ತಿಲ್ಲಾನ ಆಗಿ ಮಂಗಳ ಹಾಡಿಯೇ ಏಳುತ್ತಾರೆ. ಬೆಳತನಕ ನಡೆಯುವ ಯಕ್ಷಗಾನಕ್ಕೂ ಮಂಗಳ ಉಂಟು. ಶೋಕದ ನಡುವೆ ಪ್ರೇಕ್ಷಕರನ್ನು ಬಿಟ್ಟು ಎದ್ದುಹೋಗುವ ಪದ್ಧತಿ ನಮ್ಮಲ್ಲಿಲ್ಲ. ಮೊಬೈಲಿನ ರಿಪೀಟ್ ಗುಂಡಿಯೇ ಹಾಗೆ ಮಾಡುವುದು. ಆಟೋಪ್ಲೇ ಇನ್ನೂ ಕಷ್ಟ: ನೀವು ಶೋಕದ ಹಾಡು ಕೇಳಿದರೆ ಆ್ಯಪ್ ಅದೇ ಜಾತಿಯ ಇನ್ನೊಂದನ್ನು ತಂದಿಡುತ್ತದೆ, ಅದು ಮುಗಿದರೆ ಮತ್ತೊಂದು. ಬೇಸರವಿರುವ ದಿನಗಳಲ್ಲಿ ಇವೆರಡನ್ನೂ ಆಫ್ ಮಾಡಿಡಿ. ನಾನು ಹೇಳುವ ಎಲ್ಲದರಲ್ಲಿ ಇದೊಂದನ್ನಾದರೂ ಮಾಡಿ.

ಆ ಹುಡುಗಿಗೆ ಅವಳ ಹಾಡನ್ನು ಬಿಡು ಎನ್ನಲಿಲ್ಲ. ಅದನ್ನು ಒಂದೇ ಸಲ ಕೇಳು, ಫೋನು ಕೈಗೆ ಸಿಗದಷ್ಟು ದೂರ ಇಡು ಎಂದೆ. ಅದರ ನಂತರ ಅಷ್ಟೇ ನಿಧಾನವಾದ, ಆದರೆ ಸಾಹಿತ್ಯವಿಲ್ಲದ ಒಂದು ಕೊಳಲಿನ ಆಲಾಪ. ಮೂರನೆಯದಕ್ಕೆ ಅವಳ ಅಜ್ಜಿ ಹಾಡುತ್ತಿದ್ದ ಒಂದು ದಾಸರ ಪದ ಅವಳಿಗೇ ನೆನಪಾಯಿತು, ನಡಿಗೆಯ ವೇಗದ್ದು. ಕೊನೆಗೆ ಅವಳು ಕಾಲೇಜಿನಲ್ಲಿ ಗುಂಪಿನ ಜೊತೆ ಹಾಡಿದ್ದ ಭಾವಗೀತೆ, ಬಾಯಿಬಿಟ್ಟು ಹಾಡಬಹುದಾದದ್ದು. ಒಟ್ಟು ಇಪ್ಪತ್ತೈದು ನಿಮಿಷದ ಒಳಗೆ, ಲೋಕಲ್ ರೈಲಿನಲ್ಲಿ ಡೊಂಬಿವಲಿ ಬಿಟ್ಟು ಠಾಣೆ ಮುಟ್ಟುವಷ್ಟು ಹೊತ್ತು. ಐದನೆಯದಿಲ್ಲ. ಮೊದಲ ವಾರ ಅವಳಿಗೆ ಎರಡನೆಯದಕ್ಕೆ ದಾಟಲಾಗಲೇ ಇಲ್ಲ. ಆಮೇಲಾಮೇಲೆ ದಾಟಿದಳು. ಮುರಿದ ಸಂಬಂಧದ ಬಗ್ಗೆ ಮಾತಾಡುವುದು ಬಹಳ ಇತ್ತು, ಅದು ಹಾಡಿನಿಂದ ಆಗುವ ಕೆಲಸವಲ್ಲ. ಆದರೆ ನಿದ್ದೆ ಮರಳಿತು, ನಿದ್ದೆ ಮಾಡಿದವರೊಡನೆ ಮಾತಾಡುವುದು ನನಗೂ ಸುಲಭ.

ಸಾಹಿತ್ಯವಿಲ್ಲದ್ದನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಕಾರಣವಿದೆ. ಮೆಲುಕು ಹಾಕುವ ಮನಸ್ಸು ಮಾತುಗಳನ್ನು ತಿನ್ನುತ್ತದೆ. ಹಾಡಿನ ಸಾಲಿನಲ್ಲಿ "ನೀನು" ಎಂದು ಬಂದರೆ ಸಾಕು, ಆ "ನೀನು" ಯಾರೆಂದು ಕೇಳುವವರಿಗೆ ಗೊತ್ತಿರುತ್ತದೆ. ಶಹನಾಯಿ, ಸಾರಂಗಿ, ವೀಣೆ, ಕೊಳಲಿಗೆ ಆ ತೊಂದರೆಯಿಲ್ಲ. ಕೊನೆಯದು ತಾವೇ ಹಾಡುವಂತಿರಬೇಕು ಎನ್ನುವುದಕ್ಕೂ ಕಾರಣವಿದೆ. ಹಾಡುವಾಗ ಉಸಿರು ತಾನಾಗಿ ದೀರ್ಘವಾಗುತ್ತದೆ, ನಿಡಿದಾಗಿ ಉಸಿರು ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಮುಂಬೈಯವರಿಗೆ ಇದನ್ನು ನೋಡಲು ಬೇರೆಲ್ಲೂ ಹೋಗಬೇಕಿಲ್ಲ. ಬೆಳಗಿನ ಲೋಕಲ್ಲಿನ ಭಜನಾ ಮಂಡಳಿಯ ಡಬ್ಬಿ ಹತ್ತಿ. ಕಾಲಿಡಲು ಜಾಗವಿಲ್ಲದ ಕಡೆ ತಾಳ ಬಾರಿಸಿಕೊಂಡು ಹಾಡುವ ಆ ಜನ ಕಚೇರಿಯ ಸ್ಟೇಷನ್ನಿನಲ್ಲಿ ಇಳಿಯುವಾಗ ಅವರ ಮುಖ ನೋಡಿ. ಒಬ್ಬಂಟಿಯಾಗಿ ಊರು ಬಿಟ್ಟು ಬಂದ ಹಲವರಿಗೆ ಪ್ಲೇಲಿಸ್ಟ್ ಬರೆದುಕೊಡುವ ಬದಲು, ಹತ್ತಿರದಲ್ಲಿ ಕನ್ನಡ ಸಂಘದ ಭಜನೆಯೋ ಸುಗಮ ಸಂಗೀತದ ಕ್ಲಾಸೋ ಇದೆಯೇ ವಿಚಾರಿಸಿ ಎಂದು ಕಳಿಸಿದ್ದೇನೆ.

ಪಟ್ಟಿಯನ್ನು ಮನಸ್ಸು ಚೆನ್ನಾಗಿರುವ ದಿನವೇ ಮಾಡಿಟ್ಟುಕೊಳ್ಳಿ. ಕುಗ್ಗಿದ ಹೊತ್ತಿನಲ್ಲಿ ಆರಿಸುವ ಶಕ್ತಿಯೇ ಇರುವುದಿಲ್ಲ, ಕೈಗೆ ಮೊದಲು ಸಿಕ್ಕಿದ್ದೇ ಓಡುತ್ತದೆ. ಹದಿಹರೆಯದಿಂದ ಇಪ್ಪತ್ತೈದರವರೆಗೆ ಕೇಳಿದ ಹಾಡುಗಳು ನೆನಪನ್ನು ಬಲವಾಗಿ ಎಳೆಯುತ್ತವೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಯಾವ ಹಾಡು ಯಾರ ಜೊತೆ ಅಂಟಿಕೊಂಡಿದೆ ಎಂದು ನೋಡಿ ಸೇರಿಸಿ. ಕೊನೆಯ ಹಾಡಿನ ನಂತರ ಎರಡು ನಿಮಿಷ ಏನೂ ಬೇಡ. ಇಟಲಿಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತದ ನಡುವೆ ಬಿಟ್ಟ ಎರಡು ನಿಮಿಷದ ಮೌನದಲ್ಲಿ ಎದೆಬಡಿತ ಮತ್ತು ರಕ್ತದೊತ್ತಡ ಸಂಗೀತ ಶುರುವಾಗುವ ಮೊದಲು ಇದ್ದುದಕ್ಕಿಂತಲೂ ಕೆಳಗಿಳಿದಿದ್ದವು.

ಇಂಥ ರಾಗ ಕೇಳಿದರೆ ಖಿನ್ನತೆ ಹೋಗುತ್ತದೆ ಎಂಬ ಪಟ್ಟಿಗಳು ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತವೆ. ನಾನು ಅವನ್ನು ಯಾರಿಗೂ ಕೊಡುವುದಿಲ್ಲ. ಪಂಚಮ ಸ್ವರವಿಲ್ಲದ ಮಾರ್ವಾ ರಾಗ ಸಂಜೆಯ ಹೊತ್ತಿಗೆ ಒಬ್ಬರಿಗೆ ತಂಪು, ಇನ್ನೊಬ್ಬರಿಗೆ ತಳಮಳ. ಚಿಕ್ಕಂದಿನಿಂದ ಆ ಸಂಗೀತದ ಸಂಗವಿದ್ದವರಿಗೆ ರಾಗ ಮಾಡುವುದನ್ನು, ಜನಪದವನ್ನೇ ಕೇಳಿ ಬೆಳೆದವರಿಗೆ ಒಂದು ಸೋಬಾನೆ ಪದ ಮಾಡೀತು.

ಲೋಕಲ್ಲಿನ ಗದ್ದಲ ಮೀರಿಸಲು ವಾಲ್ಯೂಮ್ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ.

ಇನ್ನೊಂದು ಮಾತನ್ನು ಮನೆಯವರು ಗಮನವಿಟ್ಟು ಓದಬೇಕು. ಶೋಕದ ಹಾಡು ಕೇಳುವವರಿಗಿಂತ, ಇಷ್ಟು ದಿನ ಹಾಡು ಕೇಳುತ್ತಿದ್ದು ಈಗ ಯಾವ ಹಾಡೂ ಬೇಡ ಎನ್ನುವವರ ಬಗ್ಗೆ ನನಗೆ ಚಿಂತೆ ಹೆಚ್ಚು. ಅಡುಗೆ ಮಾಡುತ್ತ ಗುನುಗುತ್ತಿದ್ದ ಹೆಂಡತಿ ಸುಮ್ಮನಾದರೆ, ಕ್ಯಾಸೆಟ್ಟಿನ ಕಾಲದಿಂದ ನಾಟ್ಯಸಂಗೀತ ಕೂಡಿಸಿಟ್ಟ ಮಾವನವರು ಅದೆಲ್ಲ ಯಾರಿಗಾದರೂ ಕೊಟ್ಟುಬಿಡಿ ಎಂದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಹಿಂದೆ ಹಿತವಾಗಿದ್ದದ್ದು ಯಾವುದೂ ಹಿತವೆನಿಸದಿರುವುದು ಖಿನ್ನತೆಯ ಮುಖ್ಯ ಲಕ್ಷಣ. ಎರಡು ವಾರ ಹಾಗೇ ಇದ್ದು, ನಿದ್ದೆ ಊಟವೂ ಕೆಟ್ಟಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಬದುಕು ಸಾಕು ಎಂಬ ಮಾತು ಬಾಯಿಗೆ ಬಂದರೆ ಎರಡು ವಾರ ಕಾಯುವುದೂ ಬೇಡ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಬಾಗಿಲು ಹಾಕಿಕೊಂಡು ಒಬ್ಬರೇ ಹಾಡು ಕೇಳುವ ಮಗನೋ ಮಗಳೋ ಮನೆಯಲ್ಲಿದ್ದರೆ, ಹಾಡು ನಿಲ್ಲಿಸು ಎಂದು ಹೊರಗಿನಿಂದ ಕೂಗಬೇಡಿ. ಒಳಗೆ ಹೋಗಿ, "ಯಾವ ಹಾಡಪ್ಪ ಅದು, ನನಗೂ ಕೇಳಿಸು" ಎನ್ನಿ. ಇಯರ್‌ಫೋನಿನ ಒಂದು ಕಡೆ ನಿಮ್ಮ ಕಿವಿಗೆ ಹಾಕಿಕೊಂಡು ಹಾಡು ಮುಗಿಯುವವರೆಗೆ ಕೂತಿರಿ, ನಡುವೆ ಏನೂ ಹೇಳಬೇಡಿ. ಮುಗಿದ ಮೇಲೆ ಅವರಾಗಿ ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಊಟಕ್ಕೆ ಕರೆಯಿರಿ.