ಅಂಗನವಾಡಿಗೆ ಖುಷಿಯಾಗಿ ಹೋಗುವ ಮಗು ‘ದೊಡ್ಡ ಸ್ಕೂಲು’ ಅಂದರೆ ಅಳುತ್ತಾಳೆ, ಏನು ಮಾಡುವುದು?

ಪ್ರಶ್ನೆ: ಮಗಳು ಮೂರು ವರ್ಷದಿಂದ ಅಂಗನವಾಡಿಗೆ ಹೋಗುತ್ತಿದ್ದಾಳೆ. ಬರುವ ಜೂನ್‌ಗೆ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಈಗಲೇ "ಅಲ್ಲಿಗೆ ಹೋಗಲ್ಲ" ಅಂತ ಹಠ. ನಾವು ಹೇಗೆ ತಯಾರು ಮಾಡಬೇಕು?

ಉತ್ತರ: ಅಕ್ಷರ ತಿದ್ದಿಸುವುದನ್ನು ಸದ್ಯಕ್ಕೆ ಬಿಡಿ. ಮೊದಲು ಅಂಗನವಾಡಿ ಟೀಚರ್ ಹತ್ತಿರ ಕೂತು ಮಾತಾಡಿ. ಯಾರ ಪಕ್ಕ ಕೂತರೆ ಇವಳು ಬಾಯಿ ಬಿಡುತ್ತಾಳೆ, ಒಂದಕ್ಕೆ ಬಂದರೆ ಹೇಳುತ್ತಾಳಾ ಇಲ್ಲಾ ಸುಮ್ನೆ ಕಾಲು ಒತ್ತಿಕೊಂಡು ನಿಲ್ಲುತ್ತಾಳಾ, ಇದೆಲ್ಲ ಅವರಿಗೆ ಗೊತ್ತು. ಒಂದನೇ ಕ್ಲಾಸಿನ ಮೇಷ್ಟ್ರ ಕೈಗೆ ಹೋಗುವುದು ಮಾತ್ರ ಹೆಸರು, ಹುಟ್ಟಿದ ತಾರೀಖು ಇಂಥವೇ.

ಎಷ್ಟೋ ಊರಲ್ಲಿ ಅಂಗನವಾಡಿ ಶಾಲೆಯ ಕಾಂಪೌಂಡಿನಲ್ಲೇ ಇರುತ್ತದೆ. ಆದರೆ ಅದು ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ತಾನಾಗಿ ಮಾತುಕತೆ ನಡೆಯುತ್ತದೆ ಅಂತ ಕಾಯಬೇಡಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬೀಳುವ ಮುಂಚೆ ನೀವೇ ಹೋಗಿ, "ಒಂದು ದಿನ ಈ ಮಕ್ಕಳನ್ನೆಲ್ಲ ಕರ್ಕೊಂಡು ಬಂದು ಕೂರಿಸಬಹುದಾ?" ಅಂತ ಎರಡೂ ಕಡೆ ಕೇಳಿ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ನಿಮ್ಮ ಪರಿಚಯದವರಿದ್ದರೆ ಅವರ ಕಿವಿಗೂ ಹಾಕಿ.

ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳು ನಲಿಯುತ್ತಾ ಕಲಿಯುವ ‘ನಲಿಕಲಿ’ ಕೋಣೆ ನೋಡಿದರೇ ಅರ್ಧ ಭಯ ಹೋಗಬಹುದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಕಪ್ಪು ಹಲಗೆ ಅವರ ಕೈಗೆಟಕುವಷ್ಟು ಕೆಳಗಿರುತ್ತದೆ. ಅವರು ಬರೆದ ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತಿರುತ್ತವೆ. ಬಹಳ ಕಡೆ ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ ಇರುವುದರಿಂದ, ಪಕ್ಕದ ಮನೆ ಅಕ್ಕನೇ ಅಲ್ಲಿ ಸಿಗಬಹುದು.

ಇನ್ನು ಮನೆಯೊಳಗೆ. "ತಡಿ, ಸ್ಕೂಲಿಗೆ ಹೋಗು, ಮೇಷ್ಟ್ರು ಸರಿಯಾಗಿ ಬಾರಿಸ್ತಾರೆ" ಅಂತ ಯಾರಾದರೂ ಹೆದರಿಸುತ್ತಿದ್ದಾರಾ? ನನ್ನ ಪ್ರಕಾರ ಅರ್ಧ ಹಠದ ಮೂಲ ಅದೇ. ಹಾಗೆ ಹೆದರಿಸುವುದು ಅಜ್ಜಿಯಾದರೆ ಮೆತ್ತಗೆ ಹೇಳಿ, ಜಗಳ ಬೇಡ. ಅದರ ಬದಲು ನೀರಿನ ಬಾಟಲಿ ಮುಚ್ಚಳ ತಿರುಗಿಸಿ ತೆಗೆಯೋದು ಕಲಿಸೋ ಕೆಲಸ ಅವರಿಗೇ ಕೊಡಿ. ಕಲಿಯಲು ಎರಡು ವಾರವೇ ಹಿಡಿದರೂ ಹಿಡಿಯಲಿ.

ಮೊದಲ ದಿನ ಅತ್ತರೆ ಅಳಲಿ, ಕಣ್ಣು ತಪ್ಪಿಸಿ ಜಾರಿಕೊಳ್ಳಬೇಡಿ. ಟಾಟಾ ಹೇಳಿ, ಸಂಜೆ ಯಾರು ಬರುತ್ತಾರೆ ಅಂತ ತಿಳಿಸಿ ಹೊರಡಿ. ತಾತ ಅಂದಿದ್ದರೆ ತಾತನೇ ಬರಬೇಕು, ಅದೂ ಬೆಲ್ ಹೊಡೆಯುವ ಮುಂಚೆ.