ನಟರೇ ಇಲ್ಲದಿದ್ದರೆ ಅದು ನಾಟಕ ಹೇಗಾಗುತ್ತದೆ?

ಪ್ರಶ್ನೆ: ಜರ್ಮನಿಯ ರಿಮಿನಿ ಪ್ರೋಟೋಕೋಲ್ ತಂಡದ ನಾಟಕಗಳಲ್ಲಿ ನಟರೇ ಇರೋದಿಲ್ವಂತೆ. ಸಾಮಾನ್ಯ ಜನ ಬಂದು ತಮ್ಮ ಕತೆ ಹೇಳ್ತಾರಂತೆ. ಅದು ನಾಟಕ ಹೇಗಾಗುತ್ತೆ?

ಉತ್ತರ: ಜರ್ಮನ್ ನಾಟಕ ಅಂದ ಕೂಡಲೇ ನಮಗೆ ನಾಟಕಕಾರ ಬ್ರೆಕ್ಟ್ ನೆನಪಾಗುತ್ತಾನೆ. ಇದು ಬೇರೆಯೇ ದಾರಿ. ಹೆಲ್ಗಾರ್ಡ್ ಹೌಗ್, ಸ್ಟೆಫಾನ್ ಕೇಗಿ, ಡೇನಿಯಲ್ ವೆಟ್ಜೆಲ್ ಎಂಬ ಮೂವರು ಕಟ್ಟಿದ ತಂಡ ಇದು. ರಂಗಕ್ಕೆ ಬರುವವರನ್ನು ಅವರು 'ದಿನನಿತ್ಯದ ಪರಿಣತರು' ಅನ್ನುತ್ತಾರೆ.

ಹಾಗಂತ ಆ ಜನ ಬಾಯಿಗೆ ಬಂದದ್ದನ್ನು ಸುಮ್ನೆ ಹೇಳಿ ಹೋಗುವುದಿಲ್ಲ. ತಂಡದವರು ಅವರ ಜೊತೆ ಕೂತು ಮಾತಾಡಿಸುತ್ತಾರೆ. ಆ ಮಾತುಗಳಲ್ಲಿ ಬೇಕಾದ್ದನ್ನು ಆರಿಸಿ, ಉಳಿದದ್ದನ್ನು ಬಿಟ್ಟು, ಸ್ಕ್ರಿಪ್ಟ್ ಮಾಡುತ್ತಾರೆ. ಆಮೇಲೆ ರಿಹರ್ಸಲ್. ತನ್ನದೇ ಬದುಕಿನ ಮಾತನ್ನು ಒಬ್ಬ ಮನುಷ್ಯ ಪ್ರತಿ ಪ್ರದರ್ಶನದಲ್ಲೂ ಮತ್ತೆ ಹೇಳಬೇಕು. ಅದು ಸುಲಭದ ಕೆಲಸ ಅಲ್ಲ.

2005ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಅವರು ಹಳೆಯ ಜರ್ಮನ್ ನಾಟಕಕಾರ ಷಿಲ್ಲರ್‌ನ 'ವಾಲೆನ್‌ಸ್ಟೈನ್' ಮಾಡಿದರು. ತನ್ನವರೇ ಕೈಬಿಟ್ಟ ಸೇನಾಪತಿಯ ನಾಟಕ ಅದು. ರಂಗದ ಮೇಲೆ ನಿಂತವರಲ್ಲಿ ಸ್ವಂತ ಪಕ್ಷದವರೇ ಕೈಬಿಟ್ಟ ಸ್ಥಳೀಯ ರಾಜಕಾರಣಿಯೊಬ್ಬರಿದ್ದರು, ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಬಂದವರಿದ್ದರು. ಷಿಲ್ಲರ್‌ನ ಕತೆ ಬೆನ್ನ ಹಿಂದೆ ಇರುವುದರಿಂದಲೇ ಅವರ ಮಾತಿಗೆ ಅಷ್ಟು ತೂಕ. ಅದೇ ಮಾತನ್ನು ಟೀವಿ ಸಂದರ್ಶನದಲ್ಲಿ ಕೇಳಿದ್ದರೆ ನಾವು ಚಾನೆಲ್ ಬದಲಿಸುತ್ತಿದ್ದೆವು, ಅಲ್ವಾ?

ನಿಮ್ಮ ಪ್ರಶ್ನೆ ಜರ್ಮನಿಯಲ್ಲೂ ಎದ್ದಿತ್ತು. ಕಾರ್ಲ್ ಮಾರ್ಕ್ಸ್‌ನ 'ಬಂಡವಾಳ' ಗ್ರಂಥದ ಮೇಲೆ ಹೌಗ್ ಮತ್ತು ವೆಟ್ಜೆಲ್ ಮಾಡಿದ ಪ್ರಯೋಗಕ್ಕೆ 2007ರಲ್ಲಿ ಮ್ಯೂಲ್‌ಹೈಮ್ ನಾಟಕಕಾರರ ಪ್ರಶಸ್ತಿ ಬಂತು. ಬೇರೆ ಯಾರೂ ಆಡಲಾಗದ ಮಾತುಗಳನ್ನು ನಾಟಕಕೃತಿ ಅನ್ನಬಹುದಾ ಅಂತ ಚರ್ಚೆಯೂ ಆಯಿತು. ಅನ್ನಬಹುದು ಅಂತಲೇ ನನ್ನ ಅಭಿಪ್ರಾಯ. ಆರಿಸಿ ಜೋಡಿಸುವುದೂ ಬರವಣಿಗೆಯೇ.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಹತ್ತಿರದ್ದು 2008ರ 'ಕಾಲ್ ಕಟಾ ಇನ್ ಎ ಬಾಕ್ಸ್'. ಬರ್ಲಿನ್‌ನಲ್ಲಿ ಟಿಕೆಟ್ ಕೊಂಡವರು ಒಬ್ಬರೇ ಒಂದು ಕೋಣೆಗೆ ಹೋಗಬೇಕು. ಫೋನ್ ರಿಂಗಾಗುತ್ತದೆ. ಆ ಕಡೆ ಕೋಲ್ಕತಾದ ಕಾಲ್ ಸೆಂಟರ್ ಉದ್ಯೋಗಿ. ಮಾತು ಶುರುವಾಗುತ್ತದೆ. ನಡುವೆ, ಯಾರೂ ಮುಟ್ಟದೆಯೇ, ಮೇಜಿನ ಮೇಲಿನ ಕೆಟಲ್‌ನಲ್ಲಿ ನೀರು ಕುದಿಯತೊಡಗುತ್ತದೆ. ಚಹಾಕ್ಕೆ ನೀರು ಕಾಯಿಸುತ್ತಿರುವುದು ಕೋಲ್ಕತಾದಲ್ಲಿ ಕೂತವರು!

ಬರ್ಲಿನ್‌ನವರಿಗೆ ಅದು ದೂರದ ಭಾರತದ ಅಸಲಿ ದನಿ. ಆದರೆ ಬೆಂಗಳೂರಿನ ಕಾಲ್ ಸೆಂಟರ್‌ಗಳನ್ನು ಕಂಡ ನಮಗೆ ಬೇರೆ ಸಂಗತಿಯೂ ಗೊತ್ತು. ಈ ಕೆಲಸದಲ್ಲಿ ಎಷ್ಟೋ ಜನ ಹೆಸರು ಬದಲಿಸಿಕೊಂಡಿದ್ದಾರೆ, ಉಚ್ಚಾರಣೆ ತಿದ್ದಿಕೊಂಡಿದ್ದಾರೆ, ನಿದ್ದೆಗೆಟ್ಟ ರಾತ್ರಿಯಲ್ಲೂ ದನಿಯಲ್ಲಿ ನಗು ತಂದುಕೊಂಡಿದ್ದಾರೆ. ಇದು ದಿನಕ್ಕೆ ಎಂಟು ಗಂಟೆಯ ಅಭಿನಯ. ಹಾಗಾಗಿ ಈ ಪ್ರಯೋಗದ ಮಟ್ಟಿಗಂತೂ 'ನಟರೇ ಇಲ್ಲ' ಅನ್ನುವುದನ್ನು ನಾನು ಒಪ್ಪುವುದಿಲ್ಲ.